ಸಹಪ್ರವಾಸದ ಆಯ್ಕೆ ಮತ್ತು ಶ್ರಾವಕಧರ್ಮ

ಒಬ್ಬನು ತನಗಾಗಿ ಮಾಡಿಕೊಳ್ಳುವ ಆಯ್ಕೆಯ ಗುಣದೋಷಗಳನ್ನು ನಮ್ಮ ಶ್ರಾವಕಾಚಾರ ಗ್ರಂಥಗಳು ಬಹಳ ಸೂಕ್ಷ್ಮವಾಗಿ ವಿಚಾರಿಸಿವೆ. ಏನನ್ನು ಉಣ್ಣಬೇಕು, ಎಷ್ಟು ಕೂಡಿಡಬೇಕು, ಎಷ್ಟು ದೂರ ಹೋಗಬೇಕು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವುಂಟು. ಆದರೆ ಒಬ್ಬನೇ ಹಲವರ ಪರವಾಗಿ ಆರಿಸಬೇಕಾಗಿ ಬಂದಾಗ ಪ್ರಶ್ನೆಯ ಸ್ವರೂಪವೇ ಬೇರೆಯಾಗುತ್ತದೆ. ತನ್ನ ಸುಖವನ್ನು ಬಿಟ್ಟುಕೊಡುವ ಅಧಿಕಾರ ಅವನಿಗಿದೆ. ಇನ್ನೊಬ್ಬರ ಸುಖವನ್ನಾಗಲಿ ವ್ರತವನ್ನಾಗಲಿ ಬಿಟ್ಟುಕೊಡುವ ಅಧಿಕಾರವಿಲ್ಲ. ಈ ಸಂಕಟವು ದೊಡ್ಡ ರಾಜಕಾರ್ಯಗಳಲ್ಲಿ ಮಾತ್ರ ಕಾಣುವಂಥದಲ್ಲ, ಕೆಲವು ಸ್ನೇಹಿತರು ಕೂಡಿ ಒಂದು ಪ್ರವಾಸವನ್ನು ನಿಶ್ಚಯಿಸುವಾಗಲೂ ತಲೆದೋರುತ್ತದೆ.

ಈಚಿನ ವರ್ಷಗಳಲ್ಲಿ ಚಳಿಗಾಲದ ಹಡಗು ಪ್ರವಾಸವು ನಮ್ಮ ಮಧ್ಯಮವರ್ಗದ ಕುಟುಂಬಗಳಿಗೂ ಪರಿಚಿತವಾಗಿದೆ. ಕ್ರೂಸ್ ಎಂದು ಎಲ್ಲರೂ ಕರೆಯುವ ಈ ಪ್ರವಾಸದಲ್ಲಿ ಹಡಗೇ ವಸತಿ, ಹಡಗೇ ಭೋಜನಶಾಲೆ. ಎಂಟು ಮಂದಿ ಹಳೆಯ ಸ್ನೇಹಿತರು ಹೀಗೊಂದು ಪ್ರವಾಸಕ್ಕೆ ಹೊರಡಲು ಯೋಚಿಸಿರುವರೆಂದು ಭಾವಿಸೋಣ. ಅವರಲ್ಲಿ ಮೂವರು ದಂಪತಿಗಳು, ಒಬ್ಬ ವಿಧವೆ, ಒಬ್ಬ ಅವಿವಾಹಿತ ನಿವೃತ್ತ ಅಧ್ಯಾಪಕ. ಅವರ ಮುಂದೆ ಮೂರು ದಾರಿಗಳಿವೆ: ಮುಂಬಯಿಯಿಂದ ಗೋವೆ, ಲಕ್ಷದ್ವೀಪಗಳ ಕಡೆಗೆ, ಸಿಂಗಾಪುರದಿಂದ ಪೆನಾಂಗ್, ಫುಕೆಟ್‌ಗಳಿಗೆ, ನಾರ್ವೆಯ ಕರಾವಳಿಯಲ್ಲಿ ಬರ್ಗನ್‌ನಿಂದ ಕಿರ್ಕೆನೆಸ್‌ವರೆಗೆ ಹೋಗಿ ಮರಳುವ ಹನ್ನೆರಡು ದಿನಗಳ ದಾರಿ. ಇವುಗಳಲ್ಲಿ ಯಾವುದನ್ನು ಆರಿಸಬೇಕು? ಅದಕ್ಕಿಂತ ಮುಖ್ಯವಾಗಿ, ಹೇಗೆ ಆರಿಸಬೇಕು?

'ಬಹುಮತದಂತೆ ನಡೆಯೋಣ' ಎಂಬುದು ಎಲ್ಲರ ಬಾಯಿಗೂ ಸುಲಭವಾಗಿ ಬರುವ ಉತ್ತರ. ಆದರೆ ಬಹುಮತವೂ ನಂಬುವಷ್ಟು ನಿರ್ದೋಷವಾದುದಲ್ಲ. ಫ್ರಾನ್ಸಿನ ಚಿಂತಕ ಕಾಂಡೋರ್ಸೆ 1785ರಲ್ಲಿಯೇ ಇದನ್ನು ಗಣಿತದ ಮೂಲಕ ತೋರಿಸಿದನು. ಮೂವರು ಮಿತ್ರರಿದ್ದಾರೆನ್ನೋಣ. ಮೊದಲನೆಯವನಿಗೆ ಲಕ್ಷದ್ವೀಪ, ಸಿಂಗಾಪುರ, ನಾರ್ವೆ ಎಂಬ ಕ್ರಮದಲ್ಲಿ ಇಷ್ಟ. ಎರಡನೆಯವನಿಗೆ ಸಿಂಗಾಪುರ, ನಾರ್ವೆ, ಲಕ್ಷದ್ವೀಪ. ಮೂರನೆಯವನಿಗೆ ನಾರ್ವೆ, ಲಕ್ಷದ್ವೀಪ, ಸಿಂಗಾಪುರ. ಲಕ್ಷದ್ವೀಪವನ್ನೂ ಸಿಂಗಾಪುರವನ್ನೂ ಎದುರುಬದುರು ಇಟ್ಟರೆ ಲಕ್ಷದ್ವೀಪಕ್ಕೆ ಇಬ್ಬರ ಒಪ್ಪಿಗೆ. ಸಿಂಗಾಪುರ ಮತ್ತು ನಾರ್ವೆಗಳ ನಡುವೆ ಸಿಂಗಾಪುರಕ್ಕೆ ಇಬ್ಬರು. ನಾರ್ವೆ ಮತ್ತು ಲಕ್ಷದ್ವೀಪಗಳ ನಡುವೆ ನಾರ್ವೆಗೆ ಇಬ್ಬರು. ಹೀಗೆ ಬಹುಮತವು ಚಕ್ರದಂತೆ ಸುತ್ತುತ್ತದೆ. ಯಾವ ಎರಡನ್ನು ಮೊದಲು ಹೋಲಿಸಬೇಕೆಂದು ತೀರ್ಮಾನಿಸುವವನ ಇಚ್ಛೆಯೇ ಕೊನೆಗೆ ಗೆಲ್ಲುತ್ತದೆ. ತನಗೆ ಬೇಕಾದ ದಾರಿಯನ್ನು ಕಡೆಯ ಸುತ್ತಿಗೆ ಇಟ್ಟವನು ಸುಳ್ಳಾಡದೆಯೂ ಉಳಿದಿಬ್ಬರನ್ನು ತನ್ನ ಕಡೆಗೆ ಎಳೆದುಕೊಂಡಿರುತ್ತಾನೆ. ಆದುದರಿಂದ ಕೈಯೆತ್ತುವುದಕ್ಕಿಂತ ಮೊದಲು ನಡೆಯಬೇಕಾದ ವಿಚಾರವೊಂದಿದೆ.

ಯಾವ ವಸ್ತುವನ್ನಾದರೂ ದ್ರವ್ಯ, ಕ್ಷೇತ್ರ, ಕಾಲ, ಭಾವಗಳೆಂಬ ನಾಲ್ಕು ಅಪೇಕ್ಷೆಗಳಿಂದ ನೋಡಬೇಕೆಂಬುದು ಜೈನ ಚಿಂತನೆಯ ಕ್ರಮ. ತತ್ತ್ವವಿಚಾರಕ್ಕಾಗಿ ರೂಪುಗೊಂಡ ಈ ಕ್ರಮವು ಸಂಸಾರಿಗಳ ಇಂಥ ವ್ಯವಹಾರಕ್ಕೂ ಬೆಳಕು ಕೊಡಬಲ್ಲದು.

ಮೊದಲನೆಯದು ದ್ರವ್ಯ. ಶಾಸ್ತ್ರದಲ್ಲಿ ಈ ಶಬ್ದದ ಅರ್ಥ ಬೇರೆ. ಆಡುಮಾತಿನಲ್ಲಿ ದ್ರವ್ಯವೆಂದರೆ ಹಣ. ಇಲ್ಲಿ ಆಡುಮಾತಿನ ಅರ್ಥದಿಂದಲೇ ಪ್ರಾರಂಭಿಸುವುದು ಉಚಿತ, ಏಕೆಂದರೆ ಸ್ನೇಹಗಳು ಒಡೆಯುವುದು ಹೆಚ್ಚಾಗಿ ಇಲ್ಲಿಯೇ. ಹಡಗಿನ ದರವನ್ನು ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರು ಇರುವರೆಂಬ ಲೆಕ್ಕದ ಮೇಲೆ ತಲೆಗೆ ಇಷ್ಟೆಂದು ಪ್ರಕಟಿಸುತ್ತಾರೆ. ಒಂಟಿಯಾಗಿ ಬರುವವರು ಅನೇಕ ಸಂದರ್ಭಗಳಲ್ಲಿ ಹೆಚ್ಚುಕಡಿಮೆ ಇಬ್ಬರ ದರವನ್ನು ತೆರಬೇಕಾಗುತ್ತದೆ. ಹಾಗಾದರೆ 'ಎಲ್ಲರಿಗೂ ಒಂದೇ ದರ' ಎಂಬ ಮಾತು ದಂಪತಿಗಳಿಗೆ ಮಾತ್ರ ಸತ್ಯ. ಆ ವಿಧವೆಗೂ ಅಧ್ಯಾಪಕರಿಗೂ ಅಲ್ಲ. ಇದರ ಮೇಲೆ ಬಂದರಿನ ಶುಲ್ಕ, ಸಿಬ್ಬಂದಿಯ ಭಕ್ಷೀಸು, ದಡದ ಸುತ್ತಾಟ, ವಿಮಾನ, ವೀಸಾ, ವಿಮೆ ಇವೆಲ್ಲ ಬೇರೆ. ಜಾಹೀರಾತಿನಲ್ಲಿ ಕಂಡ ಅಂಕಿಯನ್ನಷ್ಟೇ ಹೇಳಿ ಮುಂಗಡ ಕಟ್ಟಿಸಿಕೊಂಡು, ಉಳಿದ ವೆಚ್ಚವನ್ನು ಆಮೇಲೆ ಒಂದೊಂದಾಗಿ ತಿಳಿಸುವುದು ಸತ್ಯಾಣುವ್ರತಕ್ಕೆ ಒಪ್ಪುವ ನಡತೆಯಲ್ಲ. ಅರ್ಧ ಸತ್ಯವನ್ನು ನಂಬಿ ಹೆಜ್ಜೆಯಿಟ್ಟವರು ಹಿಂದಿರುಗಲು ನಾಚುತ್ತಾರೆ. 'ನನ್ನಿಂದಾಗದು' ಎಂದು ಗೆಳೆಯರ ಮುಂದೆ ಹೇಳಿಕೊಳ್ಳುವುದಕ್ಕಿಂತ ಸಾಲ ಮಾಡುವುದೇ ಮೇಲೆಂದು ಭಾವಿಸುವ ಮಾನವಂತರು ನಮ್ಮ ಸಮಾಜದಲ್ಲಿ ಬಹಳ ಮಂದಿ ಇದ್ದಾರೆ.

ಇನ್ನೊಂದು ಸೂಕ್ಷ್ಮವಿದೆ. ನಿರ್ದಿಷ್ಟ ಸಂಖ್ಯೆಯ ಕೋಣೆಗಳನ್ನು ಒಟ್ಟಿಗೆ ಕಾಯ್ದಿರಿಸಿದ ಗುಂಪಿಗೆ ಹಲವು ಹಡಗು ಕಂಪನಿಗಳು ಒಬ್ಬರ ದರವನ್ನು ಬಿಟ್ಟುಕೊಡುವ ರೂಢಿಯಿದೆ. ಗುಂಪು ದೊಡ್ಡದಾದಂತೆ ಸಂಚಾಲಕನಿಗೆ ಈ ಲಾಭ ದೊರೆಯುವ ಸಂಭವ ಹೆಚ್ಚು. ಇದು ಯಾರ ಸ್ವತ್ತು? ಶ್ರಮಪಟ್ಟವನು ನಾನು, ಆದುದರಿಂದ ನನ್ನದು ಎಂದು ಅವನಿಗೆ ತೋರಬಹುದು. ಆದರೆ ಎಲ್ಲರ ಹಣ ಕೂಡಿದ್ದರಿಂದ ಹುಟ್ಟಿದ ಲಾಭವನ್ನು ಅವರಿಗೆ ತಿಳಿಸದೆ ತೆಗೆದುಕೊಳ್ಳುವುದು ಅಚೌರ್ಯದ ಗಡಿಯಲ್ಲಿ ನಿಂತ ಕೆಲಸ. ತಿಳಿಸಿ, ಅವರು ಸಂತೋಷದಿಂದ 'ನೀವೇ ಇಟ್ಟುಕೊಳ್ಳಿ' ಎಂದರೆ ದೋಷವಿಲ್ಲ. ಆ ಮೊತ್ತವನ್ನು ಒಂಟಿಯಾಗಿ ಬರುವವರ ಹೆಚ್ಚಿನ ಹೊರೆಯನ್ನು ಇಳಿಸಲು ಬಳಸಿದರೆ ಅದು ಸಾಧರ್ಮಿಕ ವಾತ್ಸಲ್ಯವೆಂಬ ಹೆಸರಿಗೆ ಯೋಗ್ಯವಾದೀತು.

ಎರಡನೆಯದು ಕ್ಷೇತ್ರ. ನಾವು ಹೋಗುವ ಸ್ಥಳವು ನಮಗೆ ಏನು ಕೊಡುತ್ತದೆಂದು ಕೇಳುವವರು ಬಹಳ. ನಾವು ಅಲ್ಲಿಗೆ ಏನನ್ನು ಒಯ್ಯುತ್ತೇವೆಂದು ಕೇಳುವವರು ವಿರಳ. ಲಕ್ಷದ್ವೀಪದ ಮೂವತ್ತಾರು ದ್ವೀಪಗಳ ಒಟ್ಟು ವಿಸ್ತೀರ್ಣ ಸುಮಾರು 32 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 64,473. ಹವಳದ ಹುಳುಗಳು ಕಟ್ಟಿದ ಈ ನೆಲದಡಿಯಲ್ಲಿ ಸಿಹಿನೀರು ತೆಳುವಾದ ಪದರವಾಗಿ ಮಾತ್ರ ನಿಂತಿರುತ್ತದೆ. ಸಾವಿರಾರು ಮಂದಿಯನ್ನು ಹೊತ್ತ ಹಡಗು ಇಂಥ ಸ್ಥಳಕ್ಕೆ ಬಂದು ಒಂದು ದಿನ ನಿಂತು ಹೋಗುವುದು ಸಾಮಾನ್ಯ ಸಂಗತಿಯಲ್ಲ. ಕಾಲಡಿಯ ಹವಳವೂ ಜೀವವೇ ಎಂಬುದನ್ನು ಅಹಿಂಸೆಯ ಮಾತಾಡುವವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ವೆನಿಸ್ ನಗರದ ಮಧ್ಯದ ಜಲಮಾರ್ಗದಲ್ಲಿ ದೊಡ್ಡ ಪ್ರವಾಸಿ ಹಡಗುಗಳು ಬರದಂತೆ ಇಟಲಿಯ ಸರಕಾರ 2021ರ ಆಗಸ್ಟಿನಿಂದ ತಡೆದುದು ಇಂಥದೇ ಚಿಂತೆಯಿಂದ.

ಈ ವಿಷಯದಲ್ಲಿ ನಮಗೆ ಇನ್ನೊಂದು ದಡದ ಅನುಭವವೂ ಉಂಟು. ಚಳಿಗಾಲದಲ್ಲಿ ನವಮಂಗಳೂರು ಬಂದರಿಗೆ ವಿದೇಶದ ಪ್ರವಾಸಿ ಹಡಗುಗಳು ಬಂದಾಗ, ಅದರ ಪ್ರಯಾಣಿಕರು ಕೆಲವು ಗಂಟೆಗಳ ಬಿಡುವಿನಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಕಾರ್ಕಳದ ಬಾಹುಬಲಿಯ ಬೆಟ್ಟಕ್ಕೂ ಬರುತ್ತಾರೆ. ಅವರು ಪಾದರಕ್ಷೆಯನ್ನು ಹೊರಗೆ ಬಿಟ್ಟು, ಪೂಜೆಯ ಹೊತ್ತಿನಲ್ಲಿ ಮೌನವಾಗಿದ್ದು, ಕೇಳಿ ಚಿತ್ರ ತೆಗೆಯಬೇಕೆಂದು ನಮ್ಮ ಬಸದಿಗಳ ಆಡಳಿತ ನಡೆಸುವವರು ಅಪೇಕ್ಷಿಸುತ್ತಾರೆ. ಆ ಅಪೇಕ್ಷೆ ನ್ಯಾಯವಾದುದು. ಪೆನಾಂಗಿನ ದೇವಾಲಯದಲ್ಲಿ, ಲಕ್ಷದ್ವೀಪದ ಮಸೀದಿಯ ಅಂಗಳದಲ್ಲಿ, ನಾರ್ವೆಯ ಮೀನುಗಾರರ ಹಳ್ಳಿಯಲ್ಲಿ ನಾವೂ ಅದೇ ಅಳತೆಗೆ ಒಳಪಡಬೇಕಲ್ಲವೆ? ಬಂದವರಿಂದ ನಾವು ಬಯಸುವ ಗೌರವವನ್ನು ಹೋದಲ್ಲಿ ಕೊಡಲಾರೆವಾದರೆ ಆ ದಾರಿ ನಮಗೆ ತಕ್ಕುದಲ್ಲ.

ಕ್ಷೇತ್ರವಿಚಾರದಲ್ಲಿ ದೇಹಶಕ್ತಿಯೂ ಸೇರುತ್ತದೆ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದೂರದಲ್ಲಿಯೇ ಲಂಗರು ಹಾಕುತ್ತದೆ. ಅಲೆಯ ಮೇಲೆ ತೂಗುವ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಮೊಣಕಾಲು ನೋವಿರುವವರಿಗೆ ಇದು ಸಣ್ಣ ವಿಷಯವಲ್ಲ. ದಾರಿಯನ್ನು ಅಳೆಯಬೇಕಾದುದು ಎಲ್ಲರಿಗಿಂತ ಬಲಹೀನರಾದವರ ಹೆಜ್ಜೆಯಿಂದ.

ಮೂರನೆಯದು ಕಾಲ. ಅರಬ್ಬೀ ಸಮುದ್ರವು ಮುಂಗಾರಿನಲ್ಲಿ ಪ್ರಕ್ಷುಬ್ಧವಾಗಿರುವುದರಿಂದ ಪಶ್ಚಿಮ ಕರಾವಳಿಯ ಪ್ರವಾಸಕ್ಕೆ ಚಳಿಗಾಲವೇ ಪ್ರಶಸ್ತ. ನಾರ್ವೆಯ ಮಾತು ಬೇರೆ. ಡಿಸೆಂಬರಿನ ಉತ್ತರಾರ್ಧದಲ್ಲಿ ಬರ್ಗನ್‌ನಲ್ಲಿ ಸೂರ್ಯೋದಯವು ಬೆಳಿಗ್ಗೆ ಒಂಬತ್ತೂವರೆಯ ನಂತರ, ಸೂರ್ಯಾಸ್ತವು ಮಧ್ಯಾಹ್ನ ಮೂರೂವರೆಯ ಹೊತ್ತಿಗೆ. ಇನ್ನೂ ಉತ್ತರದ ಟ್ರೊಮ್ಸೊ ನಗರದಲ್ಲಿ ನವೆಂಬರಿನ ಕೊನೆಯಿಂದ ಜನವರಿಯ ಮಧ್ಯದವರೆಗೆ ಸೂರ್ಯನು ಕ್ಷಿತಿಜದ ಮೇಲೆ ಬರುವುದೇ ಇಲ್ಲ. ನಮ್ಮ ಎಂಟು ಮಂದಿಯಲ್ಲಿ ಆ ವಿಧವೆ ರಾತ್ರಿಭೋಜನತ್ಯಾಗದ ನಿಯಮವನ್ನು ಹಲವು ವರ್ಷಗಳಿಂದ ಪಾಲಿಸಿಕೊಂಡು ಬಂದವರೆಂದು ಎಣಿಸಿರಿ. ಸೂರ್ಯನೇ ಮೂಡದ ನಾಡಿನಲ್ಲಿ ಅವರು ಯಾವಾಗ ಉಣ್ಣಬೇಕು?

'ನಮ್ಮ ಊರಿನ ಗಡಿಯಾರದಂತೆ ಉಂಡರಾಯಿತು' ಎಂದು ಒಬ್ಬರು ಹೇಳಬಹುದು. 'ಪ್ರವಾಸದಲ್ಲಿ ನಿಯಮಕ್ಕೆ ರಿಯಾಯಿತಿ ಇದೆ' ಎಂದು ಮತ್ತೊಬ್ಬರು. ಎರಡೂ ಸದುದ್ದೇಶದ ಮಾತುಗಳೇ. ಆದರೆ ವ್ರತವನ್ನು ತೆಗೆದುಕೊಂಡವರು ಆಕೆ. ಅದರ ಅರ್ಥವನ್ನು ನಿರ್ಣಯಿಸಬೇಕಾದವರೂ ಆಕೆಯೇ, ಬೇಕಾದರೆ ತಮ್ಮ ಗುರುಗಳನ್ನು ಕೇಳಿ. ಏಳು ಕೈಗಳು ಮೇಲೆದ್ದ ಮಾತ್ರಕ್ಕೆ ಎಂಟನೆಯವರ ನಿಯಮ ಸಡಿಲವಾಗುವುದಿಲ್ಲ. ಹಾಗೆಯೇ ತಮ್ಮ ನಿಯಮವನ್ನು ಉಳಿದ ಏಳು ಮಂದಿಯ ಮೇಲೆ ಹೇರುವ ಹಕ್ಕು ಆಕೆಗೂ ಇಲ್ಲ. ವ್ರತವು ತನ್ನನ್ನು ಕಟ್ಟಿಕೊಳ್ಳುವ ಹಗ್ಗ. ಅದರಿಂದ ನೆರೆಯವರನ್ನು ಕಟ್ಟತೊಡಗಿದರೆ ಮಾನಕಷಾಯವು ಒಳಹೊಕ್ಕಂತೆ.

ಇಲ್ಲಿ ಬಿಕ್ಕಟ್ಟು ಬಿಡಿಸಲಾರದ್ದೆಂದು ತೋರುತ್ತದೆ. ಆದರೆ ಕ್ಷೇತ್ರವನ್ನೂ ಕಾಲವನ್ನೂ ಬಿಡಿಬಿಡಿಯಾಗಿ ನೋಡಿದರೆ ದಾರಿ ಕಾಣುತ್ತದೆ. ಮಾರ್ಚಿ ತಿಂಗಳಲ್ಲಿ, ವಿಷುವದ ಹೊತ್ತಿಗೆ, ಅದೇ ಟ್ರೊಮ್ಸೊದಲ್ಲಿ ಹಗಲು ಸುಮಾರು ಹನ್ನೆರಡು ಗಂಟೆ ಇರುತ್ತದೆ. ನೆಲದ ಮೇಲೆ ಹಿಮ ಇರುತ್ತದೆ. ಜನ ನೋಡಬಯಸುವ ಉತ್ತರದ ಬೆಳಕೂ ಆಕಾಶ ತಿಳಿಯಾಗಿರುವ ರಾತ್ರಿಗಳಲ್ಲಿ ಕಾಣುವ ಸಂಭವವಿದೆ. ಹಾಗಾದರೆ ಜಗಳವಿದ್ದುದು ನಾರ್ವೆಗಲ್ಲ, ಡಿಸೆಂಬರಿಗೆ. ಅನೇಕ ಮನಸ್ತಾಪಗಳು ಹೀಗೆಯೇ. ಒಂದೇ ಗಂಟೆಂದು ಕಂಡುದನ್ನು ಬೇರೆ ಬೇರೆ ಅಪೇಕ್ಷೆಗಳಿಂದ ಪರಿಶೀಲಿಸಿದಾಗ ಅದರ ಒಂದು ಎಳೆ ಮಾತ್ರ ಬಿಗಿದಿರುವುದು ತಿಳಿಯುತ್ತದೆ. ಅನೇಕಾಂತವನ್ನು ಭಾಷಣದ ವಿಷಯವನ್ನಾಗಿ ಮಾತ್ರ ಉಳಿಸಿಕೊಳ್ಳದೆ ಮನೆಯಲ್ಲಿ ಬಳಸಬೇಕೆಂಬುದು ಇದಕ್ಕಾಗಿಯೇ.

ನಾಲ್ಕನೆಯದಾದ ಭಾವವು ಎಲ್ಲಕ್ಕಿಂತ ಮುಖ್ಯ. ಏಕೆ ಹೋಗುತ್ತೇವೆ? ಹಳೆಯ ಸ್ನೇಹಿತರು ಕೆಲವು ದಿನ ಒಟ್ಟಿಗೆ ಕಳೆಯುವುದಕ್ಕೋ, ಬೀಗರ ಮನೆಯವರು ಹೋಗಿ ಬಂದರೆಂಬ ಪೈಪೋಟಿಗೋ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತದ ಮೇರೆಗಳನ್ನು ಹೇಳುವಾಗ ನದಿ, ಅಡವಿ, ಗಿರಿಗಳ ಸಾಲಿನಲ್ಲಿ ಸಮುದ್ರವನ್ನೂ ಎಣಿಸಿದ್ದಾರೆ. ಇದರ ಅರ್ಥ ಸಮುದ್ರಯಾನವು ಎಲ್ಲರಿಗೂ ನಿಷಿದ್ಧವೆಂದಲ್ಲ; ಮೇರೆಯನ್ನು ಹಾಕಿಕೊಳ್ಳುವವನು ಪ್ರತಿಯೊಬ್ಬ ಶ್ರಾವಕನೇ. ನಮ್ಮ ಪುರಾಣಗಳಲ್ಲಿ ಕಡಲು ದಾಟಿದ ವರ್ತಕರ ಕಥೆಗಳು ಬೇಕಾದಷ್ಟಿವೆ. ಮೂರನೆಯ ಮಂಗರಸನು ಕನ್ನಡದಲ್ಲಿ ಹೇಳಿದ ಶ್ರೀಪಾಲನ ಕಥೆ ನಮಗೆ ಪರಿಚಿತವಾದುದು. ಶ್ರೀಪಾಲನು ಸಮುದ್ರಕ್ಕೆ ಬಿದ್ದುದು ಬಿರುಗಾಳಿಯಿಂದಲ್ಲ, ಜೊತೆಗೆ ಬಂದ ವರ್ತಕನ ದುರಾಸೆಯಿಂದ. ಕಡಲಿಗಿಂತ ಸಹಯಾತ್ರಿಕನ ಭಾವವೇ ಹೆಚ್ಚು ಅಪಾಯಕಾರಿಯಾಗಬಲ್ಲದೆಂಬುದನ್ನು ಆ ಕಥೆಯಿಂದ ತಿಳಿಯಬಹುದು.

ಈ ನಾಲ್ಕು ವಿಚಾರಗಳಿಂದ ಆಯ್ಕೆಗೆ ಒಂದು ಕ್ರಮವು ದೊರೆಯುತ್ತದೆ. ಸಂಚಾಲಕನು 'ನಿಮಗೆ ಯಾವುದು ಬೇಕು?' ಎಂದು ಸಭೆಯಲ್ಲಿ ಕೇಳುವುದಕ್ಕಿಂತ ಮೊದಲು, 'ನಿಮಗೆ ಯಾವುದು ಸಾಧ್ಯವಿಲ್ಲ?' ಎಂದು ಒಬ್ಬೊಬ್ಬರನ್ನೂ ಏಕಾಂತದಲ್ಲಿ ಕೇಳಬೇಕು. ಕಾರಣವನ್ನು ಕೆದಕಬಾರದು. ವೆಚ್ಚದ ಪೂರ್ಣ ಅಂಕಿಯನ್ನು ಮುಂಗಡಕ್ಕೆ ಮೊದಲೇ ಬರೆದು ಕೊಡಬೇಕು. ಒಬ್ಬರಿಗಾದರೂ ಅಸಾಧ್ಯವಾದುದನ್ನು ಹೆಸರು ಹೇಳದೆ ಪಟ್ಟಿಯಿಂದ ತೆಗೆಯಬೇಕು. ಉಳಿದವುಗಳಲ್ಲಿ ಎಲ್ಲರ ಇಷ್ಟವನ್ನು ನೋಡಿ ನಿರ್ಣಯಿಸಿದರೆ, ಆಗ ಬಹುಮತದಿಂದ ಯಾರಿಗೂ ಗಾಯವಾಗದು. ಸೋತವರಿಗೂ ನಷ್ಟವಾಗುವುದು ರುಚಿ ಮಾತ್ರ, ಮಾನವೂ ವ್ರತವೂ ಅಲ್ಲ.

ಇದಕ್ಕೆ ಒಂದು ಆಕ್ಷೇಪವಿದೆ. ಹೀಗೆ ಒಬ್ಬೊಬ್ಬರ ಅಡ್ಡಿಯನ್ನೂ ಮನ್ನಿಸುತ್ತ ಹೋದರೆ ಪಟ್ಟಿಯಲ್ಲಿ ಏನೂ ಉಳಿಯದಿರಬಹುದು. ಒಬ್ಬರ ಹಟಕ್ಕಾಗಿ ಏಳು ಮಂದಿ ಮನೆಯಲ್ಲಿ ಕೂರಬೇಕೆ? ಆಕ್ಷೇಪವು ಸಾಧುವಾದುದೇ. ಹಾಗಾದಾಗ ಎರಡು ಮಾರ್ಗಗಳಿವೆ. ಪ್ರವಾಸವನ್ನೇ ಚಿಕ್ಕದು ಮಾಡಿಕೊಳ್ಳುವುದು ಒಂದು. ಹನ್ನೆರಡು ದಿನಗಳ ಬದಲು ಮೂರು ದಿನ, ಹಡಗಿನ ಬದಲು ಒಂದು ತೀರ್ಥಕ್ಷೇತ್ರವೂ ಆದೀತು. ಇಲ್ಲವೆ, ಬರಲಾರದವರು ಸಂತೋಷದಿಂದ ಒಪ್ಪಿ ಹಿಂದೆ ನಿಲ್ಲುವುದು. ಆದರೆ ಅವರು ನಿಂತದ್ದು ಒಪ್ಪಿಗೆಯಿಂದಲೋ ಸಂಕೋಚದಿಂದಲೋ ಎಂಬುದನ್ನು ಅರಿಯುವ ಹೊಣೆ ಹೋಗುವವರದು. ಮರಳಿ ಬಂದ ಮೇಲೆ ಅವರ ಮುಂದೆ ಆ ದಿನಗಳ ವರ್ಣನೆಯನ್ನು ಹಿತಮಿತವಾಗಿ ಮಾಡುವುದೂ ಅಹಿಂಸೆಯ ಒಂದು ಅಂಗವೇ.

ಬಂದರಿನಲ್ಲಿ ಹಡಗು ನಿಲ್ಲುವುದು ಕೆಲವು ಗಂಟೆ, ಪ್ರವಾಸ ಮುಗಿಯುವುದು ಕೆಲವು ದಿನಗಳಲ್ಲಿ. ಅದನ್ನು ನಿಶ್ಚಯಿಸುವಾಗ ಯಾರ ಮಾತಿಗೆ ಕಿವಿಗೊಟ್ಟೆವು, ಯಾರ ಮೌನವನ್ನು ಒಪ್ಪಿಗೆಯೆಂದು ಎಣಿಸಿದೆವು ಎಂಬುದು ಮಾತ್ರ ಸ್ನೇಹದ ಲೆಕ್ಕದಲ್ಲಿ ಬಹುಕಾಲ ಉಳಿಯುತ್ತದೆ. ಗೃಹಸ್ಥರಿಗೆ ಧರ್ಮವನ್ನು ಆಚರಿಸುವ ಅವಕಾಶವು ಬಸದಿಯಲ್ಲಿ ದೊರೆಯುವಂತೆ ಇಂಥ ಸಣ್ಣ ನಿರ್ಣಯಗಳಲ್ಲಿಯೂ ದೊರೆಯುತ್ತದೆ. ಅದನ್ನು ಕಳೆದುಕೊಳ್ಳದಿರುವುದು ವಿವೇಕ.