ಮೋನೆಯ ಸೂರ್ಯ, ಲೇಪಾಕ್ಷಿಯ ಗೆರೆ

ಕ್ಲಾಡ್ ಮೋನೆ 1872ರಲ್ಲಿ ಫ್ರಾನ್ಸಿನ ಲ ಹಾವ್ರ್ ಬಂದರಿನ ಮುಂಜಾವನ್ನು ಚಿತ್ರಿಸಿದ. ಬೂದು ನೀಲಿ ಮಂಜು, ಒಂದೆರಡು ದೋಣಿ, ಮೇಲೆ ಕೆಂಡದಂಥ ಕಿತ್ತಳೆ ಸೂರ್ಯ. ಆ ಚಿತ್ರವನ್ನು ಮೊಬೈಲಿನಲ್ಲಿ ತೆರೆದು ಕಪ್ಪು-ಬಿಳುಪಿಗೆ ಬದಲಿಸಿ ನೋಡಿ. ಸೂರ್ಯ ಹೆಚ್ಚುಕಡಿಮೆ ಮಾಯ! ಸುತ್ತಲಿನ ಆಕಾಶಕ್ಕೆ ಎಷ್ಟು ಬೆಳಕೋ ಅವನಿಗೂ ಅಷ್ಟೇ. ಇದನ್ನು ಎತ್ತಿ ತೋರಿಸಿದವರು ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್.

ಮಿದುಳಿನಲ್ಲಿ ವಸ್ತು ಎಲ್ಲಿದೆ, ಅಲುಗುತ್ತಿದೆಯೇ ಎಂದು ಗಮನಿಸುವ ಭಾಗಕ್ಕೆ ಬಣ್ಣದ ಗೊಡವೆಯೇ ಇಲ್ಲ. ಅದು ನೋಡುವುದು ಬೆಳಕಿನ ಏರಿಳಿತವನ್ನು. ಅದರ ಪಾಲಿಗೆ ಮೋನೆಯ ಸೂರ್ಯ ಇಲ್ಲವೇ ಇಲ್ಲ. ಬಣ್ಣ ಬಲ್ಲ ಭಾಗಕ್ಕೆ ಮಾತ್ರ ಢಾಳಾಗಿ ಕಾಣುತ್ತಾನೆ. ನಿಂತ ಚಿತ್ರದಲ್ಲಿ ಆ ಸೂರ್ಯ ಮಿಡಿಯುವಂತೆ ತೋರುವುದು ಇದರಿಂದಲೇ ಎನ್ನುತ್ತಾರೆ ಲಿವಿಂಗ್‌ಸ್ಟನ್.

ಬಣ್ಣದ ಸಣ್ಣ ವಿವರಗಳ ವಿಷಯದಲ್ಲಿ ನಮ್ಮ ಕಣ್ಣು ಅಷ್ಟೇನೂ ಸೂಕ್ಷ್ಮವಲ್ಲ. ನೋಟ ಅತಿ ಚುರುಕಾಗಿರುವ ಅಕ್ಷಿಪಟಲದ ನಟ್ಟನಡುವೆ ನೀಲಿಗೆ ಸ್ಪಂದಿಸುವ ಕೋಶಗಳೇ ಇಲ್ಲ. ಸೂಕ್ಷ್ಮವಾದ ಅಂಚುಗಳನ್ನು ಕಣ್ಣು ಗುರುತಿಸುವುದು ಬೆಳಕು-ಕತ್ತಲೆಯ ವ್ಯತ್ಯಾಸದಿಂದ. ಫ್ರೆಂಚ್ ಚಿತ್ರಕಾರ ರೌಲ್ ದ್ಯುಫಿ ಬಣ್ಣವನ್ನು ಗೆರೆಯಾಚೆ ಧಾರಾಳವಾಗಿ ಹರಿಯಬಿಟ್ಟರೂ ಅವನ ದೋಣಿ ದೋಣಿಯಾಗಿಯೇ ಕಾಣುವುದು ಹಾಗೆ. ಬಣ್ಣ ಗೆರೆ ದಾಟಿತೆಂದು ಪುಟ್ಟ ಮಕ್ಕಳನ್ನು ಗದರುವ ಡ್ರಾಯಿಂಗ್ ಮೇಷ್ಟ್ರುಗಳು ದ್ಯುಫಿಯನ್ನು ಒಮ್ಮೆ ನೋಡಬೇಕು.

ಇನ್ನು ಗೆರೆಯ ಬಲ ಏನೆಂದು ತಿಳಿಯಬೇಕಿದ್ದರೆ ಹಿಂದೂಪುರದ ಹತ್ತಿರದ ಲೇಪಾಕ್ಷಿಗೆ ಹೋಗಬೇಕು. ಅಲ್ಲಿನ ವೀರಭದ್ರ ದೇವಸ್ಥಾನದ ಚಾವಣಿಯ ಚಿತ್ರಗಳು 16ನೇ ಶತಮಾನದವು, ವಿಜಯನಗರದ ಕಾಲದವು. ನಿಜವಾದ ಮುಖದ ಸುತ್ತ ಯಾವ ಗೆರೆಯೂ ಇರುವುದಿಲ್ಲ. ಆದರೆ ಲೇಪಾಕ್ಷಿಯಲ್ಲಿ ಮೂಗು, ಗಲ್ಲ, ತೋಳು, ಸೀರೆಯ ನೆರಿಗೆ ಎಲ್ಲಕ್ಕೂ ದಿಟ್ಟವಾದ ಕಪ್ಪು ಗೆರೆಯಿದೆ. ಒಳಗೆ ತುಂಬಿದ್ದು ಕಾವಿ, ಹಳದಿ, ಹಸಿರು. ನೆರಳು-ಬೆಳಕಿನ ಗೋಜಿಲ್ಲದ ಮಟ್ಟಸ ಬಣ್ಣ. ಮೈ ಉಬ್ಬಿದಂತೆ ಕಾಣಿಸುವ ಪೂರ್ತಿ ಹೊಣೆ ಗೆರೆಯ ಮೇಲೆಯೇ ಬಿದ್ದಿದೆ, ಅದು ಹೊತ್ತೂ ಇದೆ. ಬಣ್ಣ ಮಾಸಿದ ಕಡೆಯೂ ಗೆರೆಯ ತುಂಡುಗಳು ಉಳಿದಿದ್ದರೆ ಸಾಕು, ಕಣ್ಣು ಮಿಕ್ಕದ್ದನ್ನು ತಾನೇ ಸೇರಿಸಿಕೊಳ್ಳುತ್ತದೆ. ನನಗೆ ಲೇಪಾಕ್ಷಿಯ ಅತಿ ದೊಡ್ಡ ಸೊಗಸು ಇದೇ.

ಹೋದಾಗ ಕತ್ತೆತ್ತಿ ಒಂದೇ ಮುಖ ಆರಿಸಿಕೊಳ್ಳಿ. ಹಣೆಯಿಂದ ಮೂಗಿಗೆ, ಮೂಗಿನಿಂದ ತುಟಿಗೆ, ಗಲ್ಲಕ್ಕೆ ಗೆರೆಯ ಜೊತೆಗೇ ಇಳಿಯಿರಿ. ಬಣ್ಣಕ್ಕೆ ಆಮೇಲೆ ಬಂದರಾಯಿತು.