ಇಂದಿನ ಧಮ್ಮ ಚಿಂತನೆ: ಸೋರೆಬುರುಡೆ ಹಿಡಿದು ಕುಣಿದ ಭಿಕ್ಖು



ದಕ್ಷಿಣ ಕೊರಿಯಾದ ಗ್ಯೊಂಗ್‌ಜು ಹಿಂದೆ ಶಿಲ್ಲಾ ರಾಜ್ಯದ ರಾಜಧಾನಿ. ಅಲ್ಲಿನ ಸೊಕ್ಕುರಾಮ್ ಗುಹೆಯ ಭೂಮಿಸ್ಪರ್ಶ ಮುದ್ರೆಯ ಬುದ್ಧರನ್ನು ಚಿತ್ರದಲ್ಲಿ ನೋಡಿದರೂ ಮನಸ್ಸು ತುಂಬುತ್ತದೆ.

ಆದರೆ ಆ ಶಿಲ್ಲಾದಲ್ಲೂ ಹುಟ್ಟಿನ ಮೇಲೆ ಮೇಲುಕೀಳು ಇತ್ತು. ಅದರ ಹೆಸರೇ 'ಮೂಳೆ ದರ್ಜೆ'. ಯಾವ ಹುದ್ದೆ ಏರಬಹುದು, ಎಂಥ ಬಟ್ಟೆ ಉಡಬಹುದು, ಮನೆ ಎಷ್ಟು ದೊಡ್ಡದಿರಬೇಕು, ಎಲ್ಲವನ್ನೂ ಹುಟ್ಟೇ ತೀರ್ಮಾನಿಸುತ್ತಿತ್ತು. 6ನೇ ಶತಮಾನದಲ್ಲಿ ರಾಜ ಧಮ್ಮವನ್ನು ಒಪ್ಪಿದ, ವಿಹಾರಗಳು ಎದ್ದವು. ದರ್ಜೆ ಮಾತ್ರ ಅಳಿಯಲಿಲ್ಲ.

ಅದೇ ಊರಲ್ಲಿ 634ರಲ್ಲಿ ಕಟ್ಟಿದ ಬುನ್‌ಹ್ವಾಂಗ್ಸಾ ವಿಹಾರವಿದೆ. ಅದರ ಕಲ್ಲಿನ ಗೋಪುರದಲ್ಲಿ ಈಗ ಉಳಿದಿರುವುದು ಮೂರೇ ಅಂತಸ್ತು. ಅಲ್ಲಿ ಕೂತು ಸೂತ್ರಗಳಿಗೆ ಭಾಷ್ಯ ಬರೆದ ವೊನ್‌ಹ್ಯೊ ದೊಡ್ಡ ಪಂಡಿತ. ಅಂಥವರು ಚೀವರ ಕಳಚಿ, ಸೋರೆಬುರುಡೆ ಹಿಡಿದು, ಹಾಡುತ್ತ ಕುಣಿಯುತ್ತ ಹಳ್ಳಿ ಹಳ್ಳಿ ತಿರುಗಿದರಂತೆ. ಅಕ್ಷರ ಬಾರದ ಬಡವರ ಬಾಯಲ್ಲೂ ಬುದ್ಧರ ಹೆಸರು ನಿಂತದ್ದು ಹಾಗೆ. (ನಮ್ಮ ತತ್ವಪದದವರು ನೆನಪಾಗುತ್ತಾರೆ ನನಗೆ.)

ಮನುಷ್ಯರೆಲ್ಲ ಸಮಾನರೆಂಬುದು ಬಾಬಾಸಾಹೇಬರು 1956ರಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲೇ ಇದೆ. ನಾವು ವಿಹಾರಕ್ಕೆ ಚಂದಾ ಎತ್ತುತ್ತಿದ್ದೇವೆ, ಸಂತೋಷ. ಆದರೆ ನಮ್ಮದೇ ಇನ್ನೊಂದು ಉಪಜಾತಿಯವರ ಓಣಿಗೆ ಇನ್ನೂ ಕಾಲಿಟ್ಟಿಲ್ಲ. ಈ ಭಾನುವಾರದ ವಂದನೆ ಅಲ್ಲೇ ಮಾಡೋಣವೇ? ಬರುವವರು ತಿಳಿಸಿ.