ದಾನಕ್ಕೆ ಅಳತೆಯಿಲ್ಲ

ಹಳೆ ಅರಿವೆಯನ್ನು ಎರಡು ರೀತಿಯಲ್ಲಿ ಕೊಡಬಹುದು. ಉಟ್ಟು ಬಿಟ್ಟದ್ದನ್ನು ಹಿತ್ತಲ ಬಾಗಿಲಲ್ಲಿ ನಿಂತವರ ಸೆರಗಿಗೆ ಎಸೆಯುವುದು ಒಂದು. ಅಂಥದೇ ಹಳೆ ಸೀರೆಯನ್ನು ಒಗೆದು, ಹರಿದು, ಪದರು ಮಾಡಿ, ಹುಟ್ಟಲಿರುವ ಕೂಸಿಗೆ ಕೌದಿ ಹೊಲಿದು ಕೊಡುವುದು ಇನ್ನೊಂದು. ಎರಡರಲ್ಲೂ ಅರಿವೆ ಹಳೆಯದೇ. ಹಾಗಾದರೆ ಮೊದಲನೆಯದನ್ನು ಪಡೆದವರ ತಲೆ ಯಾಕೆ ತಗ್ಗುತ್ತದೆ? ಎರಡನೆಯದನ್ನು ಹೊದ್ದ ಕೂಸು ಯಾರ ಹಂಗೂ ಇಲ್ಲದಂತೆ ಹೇಗೆ ನಿದ್ದೆ ಹೋಗುತ್ತದೆ?

ವ್ಯತ್ಯಾಸ ಇರುವುದು ಅಳತೆಯಲ್ಲಿ ಅಂತ ನಮಗನ್ನಿಸುತ್ತದೆ. ದಾನ ಕೊಡುವವನು ಪಡೆಯುವವನ ಮೈ ನೋಡುವುದಿಲ್ಲ. ಅಂಗಿ ಮೊಣಕಾಲಿಗೆ ಬಂದರೂ ಸೈ, ಹೆಗಲಲ್ಲಿ ಬಿಗಿದರೂ ಸೈ. ಸಿಕ್ಕಿದ್ದೇ ಪುಣ್ಯ ಅನ್ನಬೇಕು. ತೊಟ್ಟಿಲ ಕಾರ್ಯಕ್ಕೆ ಕುಲಾವಿ ಹೊಲಿಯುವ ಅಜ್ಜಿ ಹಾಗಲ್ಲ. ಕೂಸಿನ ತಲೆ ಎಷ್ಟಿದ್ದೀತು, ಹೊಲಿಗೆಯ ಗಂಟು ನೆತ್ತಿಗೆ ಒತ್ತೀತೇ, ಕಟ್ಟುವ ದಾರ ಗದ್ದ ಕೊರೆದೀತೇ ಅಂತ ನೂರು ಸಲ ಯೋಚಿಸುತ್ತಾಳೆ. ಒಳಮಗ್ಗುಲಿಗೆ ಮೆತ್ತನೆಯ ಹಳೆ ನೂಲಿನ ಅರಿವೆಯನ್ನೇ ಹುಡುಕಿ ಇಡುತ್ತಾಳೆ. ಇನ್ನೂ ಮಾತು ಬಾರದ ಒಂದು ಜೀವವನ್ನು ‘ನೀನು ಇದ್ದೀಯ’ ಅಂತ ಒಪ್ಪಿಕೊಳ್ಳುವ ಕೆಲಸ ಅದು. ಉಡುಗೊರೆ ಎಂಬ ಮಾತಿನೊಳಗೇ ‘ಉಡು’ ಇದೆ. ಉಡುವವರ ಮೈ ನೋಡದೆ ಕೊಟ್ಟದ್ದು ಉಡುಗೊರೆ ಹೇಗಾದೀತು?

ಹಾಗೆ ಮೈ ನೋಡದೆ ಕೊಡುವುದನ್ನೇ ಈ ದೇಶದಲ್ಲಿ ಧರ್ಮವೆಂದು ಬರೆದಿಟ್ಟರು. ಮನುಸ್ಮೃತಿಯ ಹತ್ತನೆಯ ಅಧ್ಯಾಯ ಶೂದ್ರನಿಗೆ ಎಂಜಲು ಅನ್ನ, ಹಳೆ ಬಟ್ಟೆ ಕೊಡಬೇಕೆನ್ನುತ್ತದೆ. ಚಂಡಾಲನಿಗಾದರೋ ಸತ್ತವರ ಬಟ್ಟೆ. ಇಲ್ಲಿ ಬಟ್ಟೆ ಚಳಿಗಾಗಿ ಅಲ್ಲ, ಗುರುತಿಗಾಗಿ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಅಂಬೇಡ್ಕರ್ ಮತ್ತವರ ಸಂಗಾತಿಗಳು ಆ ಪುಸ್ತಕಕ್ಕೆ ಬೆಂಕಿಯಿಟ್ಟರು. ಅದೇ ಸಂದರ್ಭದಲ್ಲಿ ಅಲ್ಲಿ ಸೇರಿದ್ದ ಹೆಣ್ಣುಮಕ್ಕಳಿಗೆ ಬಾಬಾಸಾಹೇಬರು ಉಡುಗೆಯ ಮಾತನ್ನೇ ಆಡಿದರು. ಜಾತಿ ಸಾರುವ ಉಡುಪು ಬಿಡಿ ಅಂದರು. ಬಟ್ಟೆಗೆ ತೇಪೆಯಿದ್ದರೆ ಚಿಂತೆಯಿಲ್ಲ, ಅದು ಚೊಕ್ಕವಾಗಿರಲಿ ಎಂಬ ಅರ್ಥದ ಮಾತು ಹೇಳಿದರು. ನಾವು ಇದನ್ನು ಗಟ್ಟಿಯಾಗಿ ಹಿಡಿಯಬೇಕು. ತೇಪೆ ಅವಮಾನವಲ್ಲ. ಎಂಜಲು ಅವಮಾನ.

ಕೌದಿಯೆಂದರೆ ಪೂರಾ ತೇಪೆಯೇ ತಾನೆ! ವಿಜಯಪುರ, ಬಾಗಲಕೋಟೆ, ಧಾರವಾಡದ ಕಡೆ ಸವೆದ ಸೀರೆ, ಧೋತರಗಳ ಪದರಿನ ಮೇಲೆ ಬಣ್ಣದ ತುಂಡು ಕೂಡಿಸಿ, ಸೂಜಿಯಲ್ಲಿ ಸಾಲು ಸಾಲಾಗಿ ಹೊಲಿಯುತ್ತಾರೆ. ಒಗೆದಷ್ಟೂ ಮೆತ್ತಗಾಗುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಾಡಂಚಿನ ಸಿದ್ದಿ ಹೆಂಗಸರೂ ಇಂಥದೇ ಹೊದಿಕೆ ಹೊಲಿಯುತ್ತಾರೆ. ತೊಟ್ಟಿಲ ಕೂಸಿಗೆಂದು ಚಿಕ್ಕದನ್ನೂ ಮಾಡುತ್ತಾರೆ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು ಅವರು. ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಿಚಿದ ತುಂಡುಗಳಿಂದ ಹೂವು ಇಡುತ್ತಾರೆ. ಹೂವಿಲ್ಲದಿದ್ದರೆ ಹೊದಿಕೆ ಮುಗಿದಂತಲ್ಲ. ಆ ಹೂವಿನಿಂದ ಬೆಚ್ಚಗೇನೂ ಆಗುವುದಿಲ್ಲ, ನಿಜ. ಆದರೆ ಬಡವರ ಕೂಸಿಗೆ ಬರೀ ಬೆಚ್ಚಗಿದ್ದರೆ ಸಾಕು ಅಂತ ತೀರ್ಮಾನಿಸಿದವರು ಯಾರು?

ಮಾತು ಇಲ್ಲಿಗೇ ನಿಂತರೆ ಅರ್ಧ ಸುಳ್ಳಾಗುತ್ತದೆ. ‘ಕೈಯಿಂದ ಮಾಡಿದ್ದು, ಪ್ರೀತಿಯಿಂದ ಮಾಡಿದ್ದು’ ಅಂತ ಹೊಗಳುವವರೇ, ಮನೆಮನೆಗೆ ಬಂದು ಕೂಲಿಗೆ ಕೌದಿ ಹೊಲಿಯುವ ಅಲೆಮಾರಿ ಹೆಂಗಸಿನ ಹತ್ತಿರ ಹತ್ತು ರೂಪಾಯಿಗೆ ಚೌಕಾಶಿ ಮಾಡುತ್ತಾರೆ. ಮನೆಯೊಳಗಿನ ಹೊಲಿಗೆಗೆ ‘ಬಿಡುವಿನ ಕೆಲಸ’ ಅಂತ ಹೆಸರು. ಯಾರ ಬಿಡುವು ಸ್ವಾಮಿ? ಹಗಲು ಕಳೆ ಕಿತ್ತು, ರಾತ್ರಿ ಒಲೆ ಆರಿಸಿ, ಮಂಕು ದೀಪದಲ್ಲಿ ಸೂಜಿಗೆ ದಾರ ಪೋಣಿಸುವ ನಮ್ಮವ್ವಂದಿರ ಕಣ್ಣು ಸವೆದದ್ದನ್ನು ಬರೀ ಪ್ರೀತಿಯ ಲೆಕ್ಕಕ್ಕೆ ಬರೆದರೆ ಅದೂ ಒಂದು ಮೋಸವೇ.

ಕುಲಾವಿ ಹೊಲಿಯಲು ತುಂಡು ಅರಿವೆ ಸಾಕು, ಆದರೆ ಹೊತ್ತು ಬೇಕು. ಆ ಹೊತ್ತು ಕೇಳಿದವರೂ ಅಂಬೇಡ್ಕರ್. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ, ಕಾರ್ಖಾನೆಯ ಹೆಣ್ಣಾಳುಗಳಿಗೆ ಹೆರಿಗೆ ಭತ್ಯೆ ಕೊಡುವ ಮಸೂದೆಯನ್ನು ಬೆಂಬಲಿಸಿ, ಹೆರಿಗೆಯ ಹಿಂದೆ ಮುಂದೆ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತವೆಂದು ವಾದಿಸಿದರು. 1929ರಲ್ಲಿ ಅದು ಕಾಯ್ದೆಯಾಯಿತು. ದೇಶಕ್ಕೆಲ್ಲ ಅನ್ವಯಿಸುವ ಹೆರಿಗೆ ಸೌಲಭ್ಯ ಕಾಯ್ದೆ 1961ರಲ್ಲಿ ಬಂತು. 2017ರ ತಿದ್ದುಪಡಿಯಿಂದ 12 ವಾರದ ರಜೆ 26 ವಾರವಾಯಿತು. ಒಳ್ಳೆಯದೇ. ಆದರೆ ಈ ಸಂಬಳದ ರಜೆ ನೌಕರಿ ಇದ್ದವಳಿಗೆ. ಹೊಲದ ದಿನಗೂಲಿಯವಳಿಗೆ ಹಾಜರಿ ತಪ್ಪಿದ ದಿನ ಕೂಲಿಯೂ ತಪ್ಪುತ್ತದೆ. ಬದುವಿನ ಮರಕ್ಕೆ ಹಳೆ ಸೀರೆಯ ಜೋಳಿಗೆ ಕಟ್ಟಿ, ಕೂಸನ್ನು ಮಲಗಿಸಿ, ಮತ್ತೆ ಸಾಲಿಗೆ ಬಗ್ಗುತ್ತಾಳೆ. ಆ ಜೋಳಿಗೆಯನ್ನು ನೋಡಿ ಪದ್ಯ ಬರೆಯುವ ನಾವು ಅವಳ ರಜೆಯ ಮಾತನ್ನೂ ಎತ್ತಬೇಕು.

ಶಾಲೆಯಲ್ಲಿ ಪಾಠ ಹೇಳುವ ಗೆಳೆಯರಿಗೆ ಒಂದು ಮಾತು. ಸೂಜಿಯನ್ನು ಹುಡುಗಿಯರ ಕೈಗೆ ಮಾತ್ರ ಕೊಡಬೇಡಿ. ತಂಗಿಗೊಂದು ಕುಲಾವಿ ಹೊಲಿದ ಹುಡುಗ, ಅವ್ವನ ಒಂದು ರಾತ್ರಿಯ ಬೆಲೆಯನ್ನು ಬೆರಳಿನ ಗಾಯದಿಂದಲೇ ಕಲಿಯುತ್ತಾನೆ. ಮುಂದೆ ಯಾರಿಗಾದರೂ ಏನನ್ನಾದರೂ ಕೊಡುವಾಗ ಎಸೆಯಲು ಅವನ ಕೈ ಏಳಲಿಕ್ಕಿಲ್ಲ. ನಾವೆಲ್ಲ ಅಳತೆ ಹಿಡಿಯುವುದನ್ನು ಕಲಿಯಬೇಕಾಗಿದೆ: ಕೂಸಿನ ತಲೆಯದ್ದನ್ನು, ಹೊಲಿದವಳ ಹೊತ್ತಿನದ್ದನ್ನು.